ಕಲ್ಲಿಗೆ ಕಟ್ಟಿದ ಗಿಡ

ನನ್ನ ಕೈಗುಣ ಸರಿಯಿಲ್ಲವೆಂದು ತೂಬಗೆರೆಯ ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ನಾನು ಮದುವೆಯಾಗಿ ಬಂದ ಮೊದಲ ಮುಂಗಾರಿನಲ್ಲೇ. ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿಗೆ ಅವರೆ ಬೀಜ ಬಿಡಲು ಹೊಸ ಸೊಸೆಯನ್ನು ಕರೆದರು. ನಾನು ಮುಂದೆ ಬೀಜ ಬಿಡುತ್ತಾ ಹೋದೆ, ಅತ್ತೆ ಹಿಂದೆ ಕಾಲಲ್ಲಿ ಮಣ್ಣು ಎಳೆದು ಮುಚ್ಚುತ್ತಾ ಬಂದರು. ಅಕ್ಕಪಕ್ಕದ ಹೊಲಗಳಲ್ಲೆಲ್ಲ ಅವರೆ ತಲೆಯೆತ್ತಿತು, ನಮ್ಮದರಲ್ಲಿ ಅಲ್ಲೊಂದು ಇಲ್ಲೊಂದು. ಮರುವರ್ಷದಿಂದ ಬೀಜದ ಪುಟ್ಟಿ ನನ್ನ ಓರಗಿತ್ತಿಗೆ ಹೋಯಿತು, ನನ್ನ ಪಾಲಿಗೆ ಕಾಫಿ ಫ್ಲಾಸ್ಕ್ ಬಂತು.

"ನಿನ್ನ ಕೈ ಸೀಮೆಸುಣ್ಣಕ್ಕೇ ಸರಿ ಕಣಮ್ಮ" ಎಂದರು ಅತ್ತೆ. ನಾನು ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಸಸ್ಯಗಳು ಆಹಾರ ತಯಾರಿಸುವ ಬಗೆಯನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು. ಅತ್ತೆಯ ಮಾತಿಗೆ ನಗುತ್ತಿದ್ದೆ. ಆದರೆ ಬಿತ್ತನೆಯ ದಿನ ಫ್ಲಾಸ್ಕ್ ಹಿಡಿದು ಬದುವಿನ ಮೇಲೆ ನಿಂತಾಗ ನಿಜಕ್ಕೂ ನೋಯುತ್ತಿತ್ತು.

ಕಳೆದ ವರ್ಷ ಹಟಕ್ಕೆ ಬಿದ್ದು ಅಕ್ವೇರಿಯಂ ತಂದೆ. ನನ್ನ ಕೈಯಲ್ಲೂ ಒಂದು ಗಿಡ ಬದುಕುತ್ತದೆಂದು ತೋರಿಸಬೇಕಿತ್ತು. ಅಂಗಡಿಯವನು ವೀಳ್ಯದೆಲೆಯಂಥ ದಪ್ಪ ಎಲೆಯ ಗಿಡ ಕೊಟ್ಟ. ಬುಡದಲ್ಲಿ ಶುಂಠಿಯಂಥದ್ದೊಂದು ಗೆಡ್ಡೆ. "ಮೇಡಂ, ಇದನ್ನ ಹೂಳ್ಬೇಡಿ, ಕೊಳ್ತೋಗುತ್ತೆ. ಕಲ್ಲಿಗೆ ದಾರದಲ್ಲಿ ಕಟ್ಬಿಡಿ, ಅದೇ ಹಿಡ್ಕೊಳುತ್ತೆ" ಎಂದ. ದೊಡ್ಡಬಳ್ಳಾಪುರದಲ್ಲಿ ನೂಲಿಗೇನು ಬರ? ಜೊತೆಯ ಟೀಚರೊಬ್ಬರ ಮನೆಯ ಮಗ್ಗದಿಂದ ಒಂದು ಮಾರು ರೇಷ್ಮೆ ನೂಲು ತಂದು ಕಟ್ಟಿದೆ.

"ಗಿಡಕ್ಕೆ ರೇಷ್ಮೆ ಉಡಿಸ್ದೋಳು ಇವಳೇ ಮೊದ್ಲು" ಎಂದರು ಅತ್ತೆ.

ತೊಟ್ಟಿಯನ್ನು ಮೊದಲು ಕಿಟಕಿಯ ಬಿಸಿಲಿಗೆ ಇಟ್ಟು ಗಾಜಿಗೆಲ್ಲ ಪಾಚಿ ಕಟ್ಟಿಸಿದೆ. ಆಮೇಲೆ ಬುದ್ಧಿ ಬಂದು ನಡುಮನೆಯ ಮೂಲೆಗೆ ಸರಿಸಿ ಲೈಟು ಹಾಕಿದೆ, ವಾರಕ್ಕೊಮ್ಮೆ ನೀರು ಬದಲಿಸಿದೆ. ಆದರೂ ಗಿಡದ ಬುಡ ಮೆತ್ತಗಾಗಿ, ಎಲೆಗಳು ಒಂದೊಂದಾಗಿ ತೇಲತೊಡಗಿದವು. ಎರಡನೆಯ ಗಿಡಕ್ಕೂ ಅದೇ ಗತಿ.

"ನೀರಲ್ಲಿರೋ ಗಿಡಾನೂ ಉಳಿಸ್ಕೊಳ್ಳಲಿಲ್ಲವಲ್ಲೇ" ಎಂದು ಅತ್ತೆ ಬಂದವರಿಗೆಲ್ಲ ತೊಟ್ಟಿ ತೋರಿಸಿದರು.

ನನಗೊಂದು ಅನುಮಾನವಿತ್ತು. ಸಂಜೆ ಬಂದು ನೋಡಿದರೆ ಗೆಡ್ಡೆಯ ಮೇಲೆ ತಳದ ಜಲ್ಲಿ ಗುಡ್ಡೆ ಬಿದ್ದಿರುತ್ತಿತ್ತು, ಸರಿಸಿಟ್ಟರೆ ಮರುದಿನ ಮತ್ತೆ ಹಾಗೇ. ಇದು ತೊಟ್ಟಿಯಲ್ಲಿ ಬಿಟ್ಟಿದ್ದ ದಪ್ಪ ಗೋಲ್ಡ್‌ಫಿಷ್‌ನದೇ ಕೆಲಸ, ಇಡೀ ದಿನ ತಳ ಕೆದಕುತ್ತದೆ ಎಂದು ಅದನ್ನು ಬಾಯಿಗೆ ಬಂದಂತೆ ಬೈದೆ. ಕೊನೆಗೆ ಪಕ್ಕದ ಮನೆಯವರಿಗೆ ಕೊಟ್ಟೂಬಿಟ್ಟೆ. ಮೂರನೆಯ ಗಿಡ ತಂದು ಕಟ್ಟಿದೆ. ಮೀನು ಮನೆ ಬಿಟ್ಟರೂ ಜಲ್ಲಿ ಏರುವುದು ನಿಲ್ಲಲಿಲ್ಲ.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ತೊಟ್ಟಿಯೊಳಗೆ ಕೈ ಬಿಟ್ಟು, ಬಲು ಅಕ್ಕರೆಯಿಂದ ಗೆಡ್ಡೆಗೆ ಜಲ್ಲಿ ಏರಿಸುತ್ತಿದ್ದಾರೆ.

"ಅತ್ತೆ, ಏನ್ ಮಾಡ್ತಿದ್ದೀರಿ?"

"ಗೆಡ್ಡೆ ಬೆತ್ತಲೆ ಇತ್ತು ಕಣೆ, ನೋಡಕ್ಕಾಗ್ಲಿಲ್ಲ. ಶುಂಠಿಗೆ ಮಣ್ಣು ಏರಿಸ್ದೆ ಬಿಡ್ತಾರಾ? ನೀನು ದಿನಾ ಮರೀತೀಯಲ್ಲ, ಅದಕ್ಕೆ ನಾನೇ ಮುಚ್ತಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವರ ತೋಳಿನಿಂದ ನಡುಮನೆಯ ತುಂಬ ತೊಟ್ಟಿಕ್ಕುತ್ತಿದ್ದ ನೀರನ್ನೂ, ಮುಖದಲ್ಲಿದ್ದ ಪುಣ್ಯದ ಕೆಲಸ ಮಾಡಿದ ಕಳೆಯನ್ನೂ ನೋಡಿ ನಗು ಬಂತು. ಅಂಗಡಿಯವನು ಹೇಳಿದ್ದನ್ನು ಹೇಳಿದೆ. ಅವರು ನಂಬಲಿಲ್ಲ. "ಒಂದು ತಿಂಗಳು ಕೈ ಹಾಕ್ಬೇಡಿ, ಸತ್ತರೆ ನಾನೇ ಸೋತೆ" ಎಂದೆ.

ಆ ತಿಂಗಳು ಅವರು ಪಟ್ಟ ಪಾಡು ಹೇಳತೀರದು. ಸ್ಟೂಲ್ ಹಾಕಿಕೊಂಡು ತೊಟ್ಟಿಯ ಮುಂದೆ ಕೂತು, ಮಡಿಲಲ್ಲಿ ಕೈ ಕಟ್ಟಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ತಿಂಗಳು ಮುಗಿಯುವ ಹೊತ್ತಿಗೆ ಸುರುಳಿ ಸುತ್ತಿದ ಹೊಸ ಎಲೆಯೊಂದು ಬಂತು. ಬೇರು ಕಲ್ಲನ್ನು ತಬ್ಬಿಕೊಂಡಿತ್ತು. ಅತ್ತೆ ನೋಡಿದರು, ಸ್ಟೂಲ್ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಅವರು ಯಾರನ್ನೂ ತಮಾಷೆ ಮಾಡಲಿಲ್ಲ, ಮನೆ ಬಿಕೋ ಎನ್ನಿಸಿತು.

ಈ ಸಲದ ಬಿತ್ತನೆಯ ದಿನ ಎಂದಿನಂತೆ ನಾನು ಫ್ಲಾಸ್ಕ್ ಹಿಡಿದು ಬದುವಿನ ಮೇಲಿದ್ದೆ. ಅತ್ತೆ ಓರಗಿತ್ತಿಯ ಕೈಯಿಂದ ಪುಟ್ಟಿ ಇಸಕೊಂಡು ಎಲ್ಲರೆದುರು ನನ್ನ ಹತ್ತಿರ ಬಂದರು.

"ಇಳಿ ಕೆಳಗೆ. ನಿನ್ನ ಕೈ ಸರಿಯಾಗೇ ಐತೆ. ನೀನು ಬಂದ ವರ್ಷವೂ ನಿನ್ನ ಹಿಂದೆ ಮಣ್ಣು ಏರಿಸಿ ಮುಚ್ಕೊಂಡ್ ಬಂದೋಳು ನಾನೇ ಅಲ್ವಾ?"

ಬದುವಿನಿಂದ ಇಳಿದೆ. ಪುಟ್ಟಿ ತೆಗೆದುಕೊಂಡೆ. ಮುಚ್ಚಲು ಯಾರು ಬರುತ್ತಾರೆಂದು ಕೇಳಿದೆ.

"ಬಿಡೋಳೂ ನೀನೇ, ಮುಚ್ಚೋಳೂ ನೀನೇ" ಎಂದು ಅತ್ತೆ ನನ್ನ ಕೈಯಿಂದ ಫ್ಲಾಸ್ಕ್ ಕಿತ್ತುಕೊಂಡು ಬದುವಿನ ಮೇಲೆ ಕೂತರು.