ಚಿಗರಿ ತೋರಿಸಿದವರು

ನಾನು ಸಾಲಿ ಬಿಟ್ಟು ಮನೆಯಿಂದ ಮೊದಲು ಹೊರಬಿದ್ದದ್ದು ಒಂದು ಸೋಮವಾರ. ಅಂದಿನಿಂದ ತಿರುಗಿದ್ದೆಲ್ಲ ಒಬ್ಬನೇ, ಔರಾದ ಮುಟ್ಟುವವರೆಗೆ. ಊರಾಚೆಯ ಹುಲ್ಲುಗಾವಲಲ್ಲಿ ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು, ಸದ್ದಿಲ್ಲದೆ ನೋಡಬೇಕೆಂದು ಭಾಲ್ಕಿಯಿಂದ ಬಂದಿದ್ದೆ. ಅದನ್ನು ಚಾದಂಗಡಿಯವರಿಗೆ ಹೇಳಿದ್ದೇ ತಪ್ಪಾಯಿತು.

“ಊರಿಗೆ ಬಂದವರನ್ನ ಒಬ್ಬರನ್ನೇ ಹ್ಯಾಂಗ ಬಿಡೋದ್ರಿ?” ಎಂದರು.

ಮರುದಿನ ಬೆಳಿಗ್ಗೆ ನಾಲ್ಕು ಬೈಕು, ನನ್ನ ಜೊತೆ ಎಂಟು ಮಂದಿ, ಒಂದು ಬುಟ್ಟಿ ಮಿರ್ಚಿ ಭಜಿ. ಹಿಂಡು ಕಾಣುತ್ತಲೇ, ಚಿಗರಿಗಳು ನನ್ನ ಕಡೆ ತಿರುಗಲೆಂದು ಎಲ್ಲರೂ ಒಟ್ಟಿಗೆ ಕೂಗಿದರು. ನನಗೆ ಕಂಡದ್ದು ಧೂಳು.

“ಅಂಜ್ಯಾವ್ರಿ. ನಾಳಿ ಕುಶನೂರಿಂದ ನಮ್ಮ ಅಳಿಯಂದಿರನ್ನೂ ಕರಸ್ತೇನಿ. ಸುತ್ತುಗಟ್ಟಿ ನಿಮ್ಮ ಮುಂದ ತಂದು ನಿಲ್ಲಸ್ತೇವ್ರಿ!” ಎಂದರು ಚಾದಂಗಡಿಯವರು.

ಇಷ್ಟು ಒಳ್ಳೆಯ ಜನ ಇನ್ನೊಮ್ಮೆ ಹೋದರೆ ಆ ಚಿಗರಿಗಳು ತೆಲಂಗಾಣ ಸೇರಿಬಿಡುತ್ತವೆ. ಅವುಗಳ ಮೇಲಿನ ಕರುಣೆಯಿಂದ ಚೀಲ ಕಟ್ಟುತ್ತಿದ್ದೇನೆ. ಬೀದರಿನ ಬಸ್ಸು ಎಷ್ಟೊತ್ತಿಗೆ ಎಂದು ಮಾತ್ರ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎಂಟೂ ಮಂದಿ ಹತ್ತುತ್ತಾರೆ.