ಬಾಗಿಲ ಹಿಡಿಯಲ್ಲಿ ತುಂಬಿದ ಡಬ್ಬಿ

ಡ್ರೈವರಣ್ಣ ಬಸ್ಸು ಬಿಟ್ಟು ಬಹಳ ಕಾಲವಾಗಿತ್ತು. ಬಸ್ಸು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಯಾರಾದರೂ ಥಟ್ಟನೆ ಅಡ್ಡ ಬಂದರೆ ಅವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮುಂಚೆ ಹಿಂದೆ ಯಾರಾದರೂ ಬರುತ್ತಿದ್ದಾರೋ ಅಂತ ನೋಡುತ್ತಾನೆ ಎಂದು ಹೆಂಡತಿ ಬೀದಿಗೆಲ್ಲ ಹೇಳಿದ್ದಳು. ಅವನ ಕಾಲದಲ್ಲಿ ಮಾರುಕಟ್ಟೆಯ ಗಲ್ಲಿ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಎದುರಿಗೆ ಬೆಕ್ಕು ಬಂದರೂ ಬಸ್ಸು ಹೊಟ್ಟೆ ಒಳಕ್ಕೆಳೆದುಕೊಳ್ಳಬೇಕಾಗಿತ್ತಂತೆ. ಹೇಳಿದವನು ಅವನೇ. ಅರ್ಧ ಕಳೆದು ನಂಬಿದರೂ ಸಾಕಷ್ಟು ಉಳಿಯುತ್ತದೆ.

ನಿವೃತ್ತನಾದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ದಾರಿ ತೋರಿಸತೊಡಗಿದ: ಈಗ ಉರಿ ಸಣ್ಣ ಮಾಡು, ಈಗ ತಿರುವು, ಈಗ ಇಳಿಸು. ಅವಳು ಒಂದಷ್ಟು ದಿನ ಹಲ್ಲು ಕಚ್ಚಿಕೊಂಡು ಸಹಿಸಿ, ಕೊನೆಗೆ ಕೈಹಿಡಿದು ಚರ್ಚಿಗೆ ಎಳೆದುಕೊಂಡು ಹೋದಳು. "ಫಾದರ್, ಇವರಿಗೆ ಏನಾದ್ರೂ ಕೆಲಸ ಕೊಡಿ. ಇಲ್ಲಾಂದ್ರೆ ನನಗೊಂದು ಶವಪೆಟ್ಟಿಗೆ ಕೊಡಿ."

ಫಾದರ್ ಊಟದ ಡಬ್ಬಿ ಕೊಟ್ಟರು.

ಚರ್ಚಿನ ಹಿಂದಿನ ಉದ್ದನೆಯ ಕೋಣೆಯಲ್ಲಿ ಬೆಳಗಿನಿಂದಲೇ ಒಲೆ ಉರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸೂಪು, ಬ್ರೆಡ್ಡು, ಬೇಯಿಸಿದ ತರಕಾರಿ ತುಂಬಿದ ಡಬ್ಬಿಗಳು ಸಾಲಾಗಿ ಸಿದ್ಧ. ನಡೆಯಲಾರದವರಿಗೆ, ಕೈ ಬರಿದಾದವರಿಗೆ ಅದನ್ನು ಮುಟ್ಟಿಸುವುದು ಕೆಲಸ. ಅದಕ್ಕೆ ಫಾದರ್ ಮಾಡಿದ್ದ ಕಟ್ಟುಪಾಡು ಒಂದೇ, ಕಲ್ಲಿನಷ್ಟು ಗಟ್ಟಿ. ಡಬ್ಬಿಯನ್ನು ಬಾಗಿಲ ಹಿಡಿಗೆ ನೇತುಹಾಕಬೇಕು, ತೊಳೆದಿಟ್ಟ ಹಿಂದಿನ ದಿನದ ಡಬ್ಬಿ ಎತ್ತಿಕೊಳ್ಳಬೇಕು, ಬಾಗಿಲು ತಟ್ಟಬೇಕು, ಒಳಗಿನವರು ತೆರೆಯುವ ಮುಂಚೆ ಮೆಟ್ಟಿಲಿಳಿದುಬಿಡಬೇಕು. ಯಾರ ಮನೆ ಅಂತ ಕೇಳುವಂತಿಲ್ಲ. ಬಾಗಿಲಲ್ಲಿ ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. "ಉಣ್ಣೋವರು ನಿಮ್ಮ ಮುಖ ನೋಡಿ ತಲೆ ತಗ್ಗಿಸಬಾರದು" ಎಂದಿದ್ದರು ಫಾದರ್. ಡ್ರೈವರಣ್ಣನಂಥ ಬಾಯಿಬಡುಕನೂ ಈ ಒಂದು ವಿಷಯದಲ್ಲಿ ತುಟಿಗೆ ಹೊಲಿಗೆ ಹಾಕಿಕೊಂಡಿದ್ದ.

ಆ ದಿನ ಅವನು ಹಳೇ ಕಟ್ಟಡದ ಮೇಲಿನ ಮಹಡಿ ಹತ್ತಿದ. ಆ ಮಹಡಿಯಲ್ಲಿ ಒಂದೇ ಮನೆ. ಎದುರಿನದು ಬೀಗ ಹಾಕಿದ ಗೋದಾಮು. ಮಂಡಿಗಳು ಮೆಟ್ಟಿಲು ಮೆಟ್ಟಿಲಿಗೂ ಕಿರ್ರೆನ್ನುತ್ತಿದ್ದವು. ಆ ಸದ್ದಿಗೆ ಕೆಳಗಿನ ಮನೆಯವರು ತಮ್ಮ ಬಾಗಿಲದೇ ಸದ್ದೆಂದುಕೊಂಡು ಅದರ ತಿರುಗಣಿಗೆ ಎಣ್ಣೆ ಹಾಕುತ್ತಿದ್ದರಂತೆ.

ಮೇಲೆ ಬಂದು ಕೈ ಚಾಚಿದವನು ನಿಂತ. ಹಿಡಿಯಲ್ಲಿ ಡಬ್ಬಿ ಇತ್ತು. ಎತ್ತಿದರೆ ಭಾರ. ಮುಚ್ಚಳ ತೆಗೆದರೆ ಸೂಪಿನ ಮೇಲೆ ಕೆನೆಗಟ್ಟಿ, ಬ್ರೆಡ್ಡು ಹಲಗೆಯಾಗಿತ್ತು. ನಿನ್ನೆಯ ಊಟ.

ಬಾಗಿಲು ತಟ್ಟಿದ. ಉತ್ತರವಿಲ್ಲ. ಇನ್ನೂ ಜೋರಾಗಿ ತಟ್ಟಿದ. ಅಂಗೈಯಿಂದ ಬಡಿದ. ಎಷ್ಟೋ ತಿಂಗಳಿಂದ ಆ ಬಾಗಿಲು ತೆರೆಯದಿರಲಿ ಅಂತ ಓಡಿಹೋಗುತ್ತಿದ್ದವನು, ಈಗ ತೆರೆಯಲಿ ಅಂತ ಉಸಿರು ಬಿಗಿಹಿಡಿದು ನಿಂತ.

ಫಾದರ್‌ಗೆ ಫೋನು ಮಾಡಿದ. ಅವರು ಯಾರನ್ನೋ ಮಣ್ಣು ಮಾಡಲು ಹೋಗಿದ್ದರು, ಫೋನು ಆಫ್ ಆಗಿತ್ತು. ನಿನ್ನೆಯ ಸರದಿ ಮಾತ್ರೆಯದು. ಮಾತ್ರೆ ಎಂದರೆ ಮೂಲೆಯ ಔಷಧಿ ಅಂಗಡಿಯವನು. ಎಷ್ಟು ಸಣಕಲೆಂದರೆ ಜೋರು ಗಾಳಿ ಬೀಸಿದರೆ ಜೇಬಿಗೆ ಚಿಲ್ಲರೆ ತುಂಬಿಕೊಂಡು ಹೊರಡುವವನು. ಅವನಿಗೆ ಫೋನು ಹಚ್ಚಿದ.

"ನಿನ್ನೆ ಮೇಲಿನ ಮನೇಲಿ ಖಾಲಿ ಡಬ್ಬಿ ಸಿಕ್ತಾ?"

ಆ ಕಡೆ ಮಾತ್ರೆ ತಡವರಿಸಿದ. "ಅಣ್ಣ, ಬಾಗಿಲಲ್ಲಿ ಕಂಡದ್ದನ್ನ ಹೇಳಬಾರದಲ್ವಾ?"

"ಹೇಳದಿದ್ರೆ ನಾನೇ ಅಂಗಡಿಗೆ ಬಂದು ನಿನ್ನ ಸೀಸೆಗೆ ತುಂಬ್ತೀನಿ! ಹೇಳು!"

"ನೀವು ಮೊನ್ನೆ ಇಟ್ಟಿದ್ದು ತುಂಬಿದ್ದ ಹಾಗೇ ಇತ್ತು. ಉಪವಾಸವೇನೋ, ಕೇಳಿದ್ರೆ ನಾಚ್ಕೋತಾರೇನೋ ಅಂತ ಅದನ್ನ ತಗೊಂಡು, ನನ್ನದನ್ನ ಇಟ್ಟು ಬಂದೆ. ಯಾರಿಗೂ ಹೇಳಲಿಲ್ಲ."

ಡ್ರೈವರಣ್ಣನ ಬಲಗಾಲು ನೆಲ ಒತ್ತಿತು. ಮೊನ್ನೆಯದೂ ಮುಟ್ಟಿಲ್ಲ, ನಿನ್ನೆಯದೂ ಮುಟ್ಟಿಲ್ಲ. ಒಳಗಿನವರ ಮಾನ ಕಾಯುತ್ತ ಕಾಯುತ್ತ ಇಬ್ಬರೂ ಅವರ ಜೀವವನ್ನೇ ಬಾಗಿಲ ಹಿಂದೆ ಮರೆತು ಬಂದಿದ್ದರು.

"ಓಡಿ ಬಾ" ಎಂದ.

ಮಾತ್ರೆ ಬಂದ. ಬಾಗಿಲ ಮೇಲೊಂದು ಗಾಳಿಕಿಂಡಿ. ಡ್ರೈವರಣ್ಣ ಗೋಡೆ ಹಿಡಿದು ಬಗ್ಗಿದ. ಮಾತ್ರೆ ಅವನ ಹೆಗಲೇರಿ ಇಣುಕಿದ.

"ಏನು ಕಾಣ್ತಿದೆ?"

"ಕತ್ತಲು. ಮೇಜು... ಕುರ್ಚಿ ಬಿದ್ದಿದೆ." ದನಿ ಉಡುಗಿತು. "ಅಣ್ಣ, ಒಂದು ಕಾಲು."

"ಅಲ್ಲಾಡ್ತಾ ಇದೆಯಾ?"

"ಗೊತ್ತಾಗ್ತಿಲ್ಲ. ಕಪ್ಪು ಶೂ. ಹಿಮ್ಮಡಿ ಒಂದು ಕಡೆಗೆ ಸವೆದಿದೆ."

ಆ ಹಿಮ್ಮಡಿ ಡ್ರೈವರಣ್ಣನಿಗೆ ಗೊತ್ತಿತ್ತು. ಮಂಡಿಯೂರಲಾರದೆ ಅವನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಪಕ್ಕದಲ್ಲೇ ಆರ್ಗನ್. ಭಾನುವಾರ ಭಾನುವಾರ ಅದರ ಪೆಡಲು ಒತ್ತುತ್ತಿದ್ದುದು ಇದೇ ಶೂ. ಆರ್ಗನ್ ಟೀಚರಮ್ಮ! ತಮ್ಮ ಒಡಹುಟ್ಟಿದ ಅಣ್ಣನ ಬಂಗಲೆಯಲ್ಲಿ ಇದ್ದಾರೆ ಎಂದು ಎಲ್ಲರೂ ನಂಬಿದ್ದರು. ಬಡವರಿಗೆಂದು ಇಟ್ಟಿದ್ದ ಬುಟ್ಟಿಗೆ ಎಲ್ಲರಿಗಿಂತ ಮೊದಲು ಕಾಣಿಕೆ ಹಾಕುತ್ತಿದ್ದವರು ಅವರೇ. ಅವರ ಎದುರು ಕೆಮ್ಮಬೇಕಾದರೂ ಜನ ಶ್ರುತಿ ನೋಡಿಕೊಂಡು ಕೆಮ್ಮುತ್ತಿದ್ದರು.

"ಇಳಿ" ಎಂದ.

"ಬಾಗಿಲು ಒಡೆದ್ರೆ ಎಲ್ಲರಿಗೂ ಗೊತ್ತಾಗುತ್ತೆ ಅಣ್ಣ. ಫಾದರ್ ಬರೋವರೆಗೆ..."

"ಫಾದರ್ ಬರೋ ಹೊತ್ತಿಗೆ ಅವರಿಗೆ ಇನ್ನೊಂದು ಕೆಲಸ ಕೊಟ್ಟಂಗಾಗುತ್ತೆ. ಆ ಕಡೆ ಸರಿ."

ಭುಜ ಕೊಟ್ಟ. ಬಾಗಿಲು ಜಗ್ಗಲಿಲ್ಲ. ಹಿಂದೆ ಸರಿದು, ಕೆಟ್ಟು ನಿಂತ ಬಸ್ಸನ್ನು ದಿಬ್ಬ ಹತ್ತಿಸುವವನಂತೆ ಇಡೀ ದೇಹವನ್ನು ಹಾಕಿದ. ಚಿಲಕ ಕಿತ್ತು ಒಳಗೆ ಹಾರಿತು. ಅವನೂ ಅದರ ಹಿಂದೆಯೇ.

ಟೀಚರಮ್ಮ ಗೋಡೆಗೆ ಮುಖ ಮಾಡಿ ನೆಲದ ಮೇಲಿದ್ದರು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಡ್ರೈವರಣ್ಣ ಬಗ್ಗಿ ಮೂಗಿನ ಬಳಿ ಕೈ ಹಿಡಿದ. ಏನೂ ತಾಕಲಿಲ್ಲ. ಆಮೇಲೆ ದೀಪ ಆರುವ ಮುಂಚಿನಂಥ ಒಂದು ಬಿಸಿ.

"ಇದ್ದಾರೆ! ಆಂಬುಲೆನ್ಸಿಗೆ ಹೇಳು! ನೀರು ತಾ!"

ಒದ್ದೆ ಬಟ್ಟೆ ತುಟಿಗೆ ತಾಕಿದಾಗ ಟೀಚರಮ್ಮ ಕಣ್ಣು ಅಷ್ಟಿಷ್ಟು ತೆರೆದರು. ಎರಡು ಗಂಡು ನೆರಳು ಕಂಡೊಡನೆ ಅವರ ಕೈ ಸೆರಗು ಹುಡುಕಿ ಮುಖದ ಮೇಲೆ ಬಂತು.

"ಹೊರಗೆ ಹೋಗಿ" ಎಂದರು. ದನಿ ಕಾಗದ ಹರಿದಂತಿತ್ತು. "ಡಬ್ಬಿ... ಬಾಗಿಲಲ್ಲಿಡಿ."

ಬಿದ್ದು, ಬಾಯಾರಿ, ಸಾವಿನ ಹೊಸ್ತಿಲಲ್ಲಿದ್ದರೂ ಅವರು ಕಟ್ಟುಪಾಡು ಪಾಲಿಸುತ್ತಿದ್ದರು. ಸುಳ್ಳು ಹೇಳುವುದರಲ್ಲಿ ಡ್ರೈವರಣ್ಣನಿಗೆ ಜೀವಮಾನದ ಅಭ್ಯಾಸವಿತ್ತು.

"ಯಾವ ಡಬ್ಬಿ ಟೀಚರಮ್ಮ? ನಿಮಗೆ ಹುಷಾರಿಲ್ಲ ಅಂತ ಯಾರೋ ಅಂದ್ರು, ನೋಡೋಕೆ ಬಂದ್ವಿ, ಅಷ್ಟೇ."

ಹೇಳಿ ತಿರುಗಿದರೆ, ಮಾತ್ರೆ ಎರಡು ಕೈಯಲ್ಲೂ ಡಬ್ಬಿ ಹಿಡಿದು, ಫೋಟೋ ತೆಗೆಸಿಕೊಳ್ಳುವವನಂತೆ ಬಾಗಿಲಲ್ಲಿ ನಿಂತಿದ್ದ. ಡ್ರೈವರಣ್ಣ ಕಣ್ಣಲ್ಲೇ ಬಡಿದ. ಮಾತ್ರೆ ಬೆಚ್ಚಿ ಡಬ್ಬಿಗಳನ್ನು ಕೋಟಿನೊಳಗೆ ತುರುಕಿಕೊಂಡ. ಜನ್ಮದಲ್ಲಿ ಮೊದಲ ಸಲ ಅವನಿಗೆ ಹೊಟ್ಟೆ ಬಂತು.

ಸ್ಟ್ರೆಚರು ಬಂತು. ಆಂಬುಲೆನ್ಸಿನವರು ಕಾಲಿಗೆ ಪಟ್ಟಿ ಕಟ್ಟಿ, ಮೆಲ್ಲಗೆ ಎತ್ತಿದರು. ಮೆಟ್ಟಿಲ ತಿರುವು ತೀರಾ ಕಿರಿದು. ಡ್ರೈವರಣ್ಣ ಹಿಮ್ಮುಖವಾಗಿ ಇಳಿಯುತ್ತ ಕೈಬೀಸಿದ: "ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲಿ... ಗೋಡೆಗೆ ತಾಗೀತು... ಬಿಡಿ!" ಪ್ರತಿ ಕುಲುಕಿಗೂ ಟೀಚರಮ್ಮನ ಮುಖ ಬಿಳಿಚುತ್ತಿತ್ತು. ಬಾಗಿಲು ಒಡೆದ ಸದ್ದಿಗೆ ಕೆಳಗಿನ ಮನೆಗಳವರೆಲ್ಲ ಹೊರಬಂದು ಗೋಡೆಗೊರಗಿ ನಿಂತಿದ್ದರು. ಅವರಲ್ಲಿ ಚರ್ಚಿನ ಮುಖಗಳೂ ಇದ್ದವು.

ಟೀಚರಮ್ಮ ಆ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಸೆರಗು ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ನಿಲ್ಲಿಸಿ" ಎಂದರು. ಸ್ಟ್ರೆಚರು ನಿಂತಿತು. ಅವರ ಕಣ್ಣು ಮಾತ್ರೆಯ ಹೊಟ್ಟೆಯ ಮೇಲಿತ್ತು. "ಆ ಕೋಟಿನೊಳಗೆ ಇರೋದು ಇವತ್ತಿನದಾ?"

ಮಾತ್ರೆ ಡ್ರೈವರಣ್ಣನ ಮುಖ ನೋಡಿದ. ಡ್ರೈವರಣ್ಣನ ಬಾಯಿಗೆ, ಅಷ್ಟೊಂದು ಸುಳ್ಳುಗಳ ಗೋದಾಮಿಗೆ, ಒಂದೂ ಸುಳ್ಳು ಸಿಗಲಿಲ್ಲ.

"ಒಂದು ಇವತ್ತಿನದು, ಟೀಚರಮ್ಮ. ಇನ್ನೂ ಬಿಸಿ ಇದೆ."

"ಹಸಿವಾಗ್ತಿದೆ. ಕೊಡಿ."

ಆಂಬುಲೆನ್ಸಿನವನು ಒಂದೆರಡು ಚಮಚ ತಿಳಿ ಸಾಕು ಎಂದ. ಕೆಳಮನೆಯ ಹೆಂಗಸೊಬ್ಬಳು ಓಡಿಹೋಗಿ ಚಮಚ ತಂದಳು. ಡ್ರೈವರಣ್ಣ ಮೆಟ್ಟಿಲ ಮೇಲೆ ಕೂತು, ಅಷ್ಟೂ ಜನರೆದುರು, ಒಂದು ಚಮಚ ಸೂಪು ಅವರ ಬಾಯಿಗೆ ಹಿಡಿದ. ಟೀಚರಮ್ಮ ಕಣ್ಣು ಮುಚ್ಚಿ ನುಂಗಿದರು. ಗಂಟಲು ಮೇಲೆ ಕೆಳಗೆ ಆಯಿತು. ಕಣ್ಣು ತೆರೆದು ಅವನನ್ನೇ ನೋಡಿದರು.

"ಉಪ್ಪು ಕಡಿಮೆ" ಎಂದರು. "ಮೊದಲ ದಿನದಿಂದಲೂ ಕಡಿಮೆಯೇ. ಹೇಳೋಣ ಅಂದ್ರೆ ಯಾರೂ ನಿಲ್ತಾನೇ ಇರಲಿಲ್ಲ."