ಅಂಬವ್ವನ ಬೆರಳು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಸೆರಗಿನ ರೇಷ್ಮೆಯ ಉದ್ದೆಳೆಗಳನ್ನು ಸೀರೆಯ ಮೈಯ ಉದ್ದೆಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕೆಂದರೆ ಅಂಬವ್ವನೇ ಬೇಕು. ಕಣ್ಣಿನ ಹಂಗಿರಲಿಲ್ಲ ಆಕೆಗೆ. ಬೆರಳಾಡಿಸಿ ಗಂಟೆಲ್ಲಿದೆ ಎಂದು ಹೇಳುತ್ತಿದ್ದಳು.

ಎರಡು ಸಾವಿರದ ಮೂರರ ಸುಮಾರಿಗೆ ಆ ಬೆರಳಿಗೆ ಇಲ್ಲದ ಗಂಟುಗಳು ಸಿಗತೊಡಗಿದವು. ಉಗುರಿನಿಂದ ಕೆದರಿ ಕೆದರಿ ಚಲೋ ಎಳೆಗಳನ್ನೇ ಹರಿದಿಟ್ಟಳು. ಅಷ್ಟು ವರ್ಷ ಆಕೆಯಿಂದಲೇ ಕೊಂಡಿ ಹಾಕಿಸಿಕೊಂಡ ಓಣಿ, ಬೇರೆಯವರ ನೇಯ್ಗೆ ಕಂಡು ಮುದುಕಿಗೆ ಹೊಟ್ಟೆಕಿಚ್ಚು ಎಂದಿತು. ನಾಚಿಕೆಗೆಟ್ಟ ಓಣಿ! ಮಗ ಪ್ರಭು ಅವ್ವನನ್ನು ಹೊರಗೆ ಕೂರಿಸಿ ಮಗ್ಗದ ಕೋಣೆಗೆ ಚಿಲಕ ಹಾಕಿದ.

ಕಮತಗಿಗೆ ಕೊಟ್ಟ ಮಗಳು ನಾಗರತ್ನಾ ಬಂದಾಗ ಅಂಬವ್ವ, "ಯಾರ್ ಬೇಕಾಗಿತ್ರಿ?" ಎಂದಳು. ಪರರನ್ನು ಕೇಳುವಂತೆ ಕೇಳಿದ ಆ ಮಾತಿಗೆ ನಾಗರತ್ನಾಳ ಎದೆ ಒಡೆಯಿತು. ಅವ್ವ ಒಮ್ಮೆಯಾದರೂ ತನ್ನನ್ನು ಗುರುತಿಸಲಿ, ಆಕೆಗೆ ಬೇಕಿದ್ದದ್ದು ಅಷ್ಟೇ.

ಅವ್ವನನ್ನು ಕರೆದೊಯ್ದು ತೋರಿಸಿದಾಗ ಬಾಗಲಕೋಟೆಯ ಡಾಕ್ಟರು ನಾಗರತ್ನಾಳಿಗೆ ಬಿಡಿಸಿ ಹೇಳಿದರು: "ಇದು ಹೊಟ್ಟೆಕಿಚ್ಚೂ ಅಲ್ಲ, ಹಟಾನೂ ಅಲ್ಲ ತಂಗಿ, ಅಲ್‌ಝೈಮರ್ ರೋಗ. ಮಿದುಳಿನಾಗ ಅಮಿಲಾಯ್ಡ್ ಅನ್ನೂ ಪ್ರೋಟೀನು ಹೆಪ್ಪುಗಟ್ಟತೈತಿ. ಅಲ್ಲಿನ ಕಾವಲು ಜೀವಕೋಶ ಅದನ್ನ ಮುಟ್ಟಿ ಗುರ್ತ ಹಿಡಿತಾವ, ಅದಕ್ಕಂತನ ಅವುಗಳ ಮೈಮ್ಯಾಲ ಹಿಡಿಯಾಕ ಸಣ್ಣ ಕೈ ಇದ್ದಂಗ ಇರ್ತಾವ. ಸುತ್ತ ಮುತ್ತಿಗಿ ಹಾಕ್ತಾವ, ಪೂರಾ ನುಂಗಾಕ ಆಗಂಗಿಲ್ಲ. ಆಮ್ಯಾಲ ರೊಚ್ಚಿಗೆದ್ದು ಬಾಜೂಕಿನ ಚಲೋ ಕೋಶಾನೂ ಕೆಡಸ್ತಾವ."

"ಗುರ್ತ ಹಿಡದೂ ಕೆಡಸ್ತಾವೇನ್ರಿ?"

"ಹೂಂ. ಯಾಕಂತ ಇನ್ನೂ ಪೂರಾ ಗೊತ್ತಾಗಿಲ್ಲ."

ಮುಟ್ಟಿ ಗುರುತಿಸುವುದು ಎಂಬುದೊಂದೇ ನಾಗರತ್ನಾಳ ತಲೆಯಲ್ಲಿ ಉಳಿಯಿತು. ಆಕೆಯ ಅಂಗೈಯಲ್ಲಿ ಚಿಕ್ಕಂದಿನ ಗಾಯದ ಉಬ್ಬಿತ್ತು. ಮಗ್ಗದ ಲಾಳಿಯ ಮೊನೆ ಚುಚ್ಚಿದ ದಿನ ಅರಿಶಿನ ಒತ್ತುತ್ತ ಮಗಳಿಗಿಂತ ಅವ್ವನೇ ಹೆಚ್ಚು ಅತ್ತಿದ್ದಳು. ಮನೆಗೆ ಬಂದದ್ದೇ ಆ ಕೈಯನ್ನು ಅವ್ವನ ತೊಡೆಯ ಮೇಲಿಟ್ಟಳು.

"ಯವ್ವಾ, ಇದು ಯಾರ ಕೈ ಹೇಳು ನೋಡೂಣು."

ಅಂಬವ್ವನ ಬೆರಳು ಅಂಗೈ ತುಂಬ ಹರಿದಾಡಿ ಆ ಉಬ್ಬಿನ ಮೇಲೆ ನಿಂತಿತು. ಮುಖ ಅರಳಿತು.

"ಇಲ್ಲೈತಿ ನೋಡ್ರಿ ಗಂಟು," ಎಂದು ಅಂಬವ್ವ ಉಗುರಿನಿಂದ ಕೆದರತೊಡಗಿದಳು. ರಕ್ತ ಬಂದರೂ ಬಿಡಲಿಲ್ಲ.

"ಕೈ ತಗೀ ಅಕ್ಕಾ!" ಬಾಗಿಲಲ್ಲಿದ್ದ ಪ್ರಭು ಚೀರಿದ.

ನಾಗರತ್ನಾ ತೆಗೆಯಲಿಲ್ಲ. ಮರೆವು ಬಂದ ಮೇಲೆ ಅವ್ವ ಆಕೆಯ ಕೈ ಹಿಡಿದದ್ದು ಅದೇ ಮೊದಲು.